ಶನಿಗೊಬ್ಬ ಡ್ರೈವರ್

ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಬಿಳಿ ಹಗ್ಗಗಳ ನಡುವೆ ನೀಲಿಯದೊಂದು ಇದೆ. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ಅದನ್ನು ಮುಟ್ಟಿ ನೋಡಿ, "ಇದು ಇಂಟರ್‌ನೆಟ್ಟಿನ ವೈರಲ್ವಾ ಮಾರಾಯ್ರೆ? ಇದರಲ್ಲಿ ಯಾಕೆ ಲುಂಗಿ ಒಣಗಿಸಿದ್ದೀರಿ?" ಎಂದು ಕೇಳಿದರು. ನಾನು ನಕ್ಕು ಚಹಾ ಕೊಟ್ಟೆನೇ ಹೊರತು ಉತ್ತರ ಕೊಡಲಿಲ್ಲ. ಆ ಉತ್ತರಕ್ಕೆ ಒಂದು ಲೋಟ ಚಹಾ ಸಾಲದು. ನಮ್ಮ ಮನೆಯವರು ಶನಿಗ್ರಹವನ್ನು ಟೆರೇಸಿನಿಂದ ಕೆಳಗಿಳಿಸಿ ನಮ್ಮ ಟಿವಿಯೊಳಗೆ ಕೂರಿಸಿದ ವೈರು ಅದು. ನಿಮಗೆ ಪುರುಸೊತ್ತು ಇದ್ದ ಹಾಗೆ ಕಾಣುತ್ತದೆ. ಕೂತುಕೊಳ್ಳಿ, ಹೇಳುತ್ತೇನೆ.

ಮನೆಯವರ ಹೆಸರು ಜಯರಾಮ. ಮುಂಬಯಿಯ ಗ್ರಾಂಟ್ ರೋಡಿನಲ್ಲಿ ಅವರ ಸೋದರಮಾವನ ಹೋಟೆಲಿನ ಗಲ್ಲೆಯಲ್ಲಿ, ಎಂದರೆ ದುಡ್ಡಿನ ಮೇಜಿನಲ್ಲಿ, ಕೂತು ಅರ್ಧ ಆಯುಷ್ಯ ಕಳೆದವರು. ಮಾವನ ಮಗ ದೊಡ್ಡವನಾಗಿ ಗಲ್ಲೆಗೆ ಬಂದ ಮೇಲೆ ಇವರು ಭಾಂಡುಪಿನ ಈ ಫ್ಲ್ಯಾಟಿನಲ್ಲಿ ನಿವೃತ್ತರಾದರು. ನಿವೃತ್ತಿಯ ಮೊದಲ ದಿನಗಳಲ್ಲಿ ನನ್ನ ಅಡುಗೆಮನೆಯನ್ನೇ ಹೋಟೆಲೆಂದು ತಿಳಿದು ಓಡಾಡಿದರು. ಸಾಂಬಾರಿಗೆ ಬೆಲ್ಲ ಹೆಚ್ಚಾಯಿತು, ದೋಸೆಕಾವಲಿ ಸರಿಯಾಗಿ ಕಾಯಲಿಲ್ಲ, ಚಟ್ನಿಯ ಪಾತ್ರೆಗೆ ಮುಚ್ಚಳ ಯಾಕಿಲ್ಲ. ಇವರಿಗೊಂದು ಹವ್ಯಾಸ ಕೊಡಪ್ಪಾ ಎಂದು ನಾನು ದೇವರಲ್ಲಿ ಕೇಳಿಕೊಂಡೆ. ದೇವರಿಗೆ ಆ ದಿನ ಕಿವಿ ಮಂದವಾಗಿತ್ತೋ ಏನೋ, ಎಂಥ ಹವ್ಯಾಸ ಎಂದು ವಿಚಾರಿಸದೆ ದುರ್ಬೀನನ್ನೇ ಕಳಿಸಿದ.

ಇದರ ಹಿಂದೆ ಇದ್ದವರು ಗಫೂರ್ ಭಾಯಿ. ವಿಜಯಪುರದ ಕಡೆಯವರು, ಈಗ ದಹಿಸರ್ ವಾಸಿ. ಹೋಟೆಲಿನ ಪಕ್ಕದಲ್ಲೇ ಅವರ ಚಶ್ಮಾದ, ಎಂದರೆ ಕನ್ನಡಕದ, ಅಂಗಡಿ ಇತ್ತು. ಮಧ್ಯಾಹ್ನ ನಮ್ಮ ಹೋಟೆಲಿನಲ್ಲಿ ಊಟ ಮಾಡಿ, ಊಟಕ್ಕಿಂತ ಹೆಚ್ಚು ಹೊತ್ತು ಗಲ್ಲೆಗೆ ಒರಗಿ ಮಾತಾಡುತ್ತಿದ್ದರು. ಗಾಜಿನೊಡನೆ ಬಾಳಿದವರು, ದೊಡ್ಡ ಗಾಜಿನ ಆಸೆ ಅವರಿಗೆ ಸಹಜ. ಇಬ್ಬರೂ ಸೇರಿ ಒಂದು ದೂರದರ್ಶಕವನ್ನೂ ಅದನ್ನು ತಿರುಗಿಸುವ ಮೋಟಾರಿನ ಕಾಲನ್ನೂ ಯಾರೋ ಹವ್ಯಾಸಿ ಬಿಟ್ಟುಕೊಟ್ಟ ಹಳೆಯ ಕ್ಯಾಮೆರಾವನ್ನೂ ಸಂಪಾದಿಸಿದರು. ಕನ್ನಡದಲ್ಲಿ ದೂರದರ್ಶಕ ಎಂದರೆ ದುರ್ಬೀನು, ದೂರದರ್ಶನ ಎಂದರೆ ಟಿವಿ. ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಆ ಒಂದು ಅಕ್ಷರ ದಾಟಲು ನಮ್ಮ ಮನೆ ಪಟ್ಟ ಪಾಡು ನೋಡಿ.

ಮೊದಮೊದಲು ಇಬ್ಬರೂ ಟೆರೇಸಿಗೆ ಹೋಗಿ ಚಂದ್ರನನ್ನು ನೋಡಿ ಬರುತ್ತಿದ್ದರು. ನಾನೂ ಒಮ್ಮೆ ಹೋದೆ. ಬಗ್ಗಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನೋಡಿದೆ. ಕಂಡದ್ದು ನನ್ನದೇ ರೆಪ್ಪೆ. ಚೆನ್ನಾಗಿದೆ ಎಂದು ಹೇಳಿ ಕೆಳಗೆ ಬಂದೆ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಒಂದು ದಿನ ಊಟಕ್ಕೆ ಕೂತಿದ್ದ ನಮ್ಮ ಅತ್ತೆ ಇದ್ದಕ್ಕಿದ್ದಂತೆ, "ಜಯ, ನಿನ್ನ ಆ ಕೊಳವೆಯಲ್ಲಿ ಶನಿ ಕಾಣ್ತಾನಾ?" ಎಂದು ಕೇಳಿದರು.

"ಕಾಣ್ತಾನಮ್ಮ. ಈಗ ಸಂಜೆಗೇ ಮೇಲಿರ್ತಾನೆ."

"ನನಗೆ ತೋರಿಸು."

ಕೈಯಲ್ಲಿದ್ದ ಹಪ್ಪಳವನ್ನು ಇವರು ಹಾಗೆಯೇ ಹಿಡಿದುಕೊಂಡರು. ಅತ್ತೆಯ ಸೊಂಟದ ಮೂಳೆಗೆ ಆಪರೇಷನ್ ಆಗಿದೆ. ಲಿಫ್ಟು ಟೆರೇಸಿನವರೆಗೆ ಹೋಗುವುದಿಲ್ಲ, ಕೊನೆಯ ಮೆಟ್ಟಿಲುಗಳನ್ನು ಹತ್ತಲೇಬೇಕು. ಹತ್ತಿಸಿದೆವು ಎಂದಿಟ್ಟುಕೊಂಡರೂ ಕಣ್ಣು? ಅವರ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ನಟ್ಟನಡುವೆ ಕಲೆ ಬಂದು, ಏನನ್ನು ನೋಡುವುದಿದ್ದರೂ ಓರೆಯಾಗಿ ನೋಡುತ್ತಿದ್ದರು. ಇರುವ ದೃಷ್ಟಿ ಎಷ್ಟು ದಿನವೋ ಹೇಳಲಾಗದು ಎಂದು ಡಾಕ್ಟರು ನಮ್ಮನ್ನು ಬದಿಗೆ ಕರೆದು ಹೇಳಿದ್ದರು. ಟಿವಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರೆ ಮಾತ್ರ ಅವರಿಗೆ ಚಿತ್ರಗಳು ಕಾಣುತ್ತಿದ್ದವು.

"ಹಾಗಾದ್ರೆ ಟಿವಿಗೇ ತರುವ," ಎಂದರು ಇವರು, ಸಾಂಬಾರನ್ನು ಒಳಗಿಂದ ಟೇಬಲಿಗೆ ತರಿಸುವಷ್ಟು ಸಲೀಸಾಗಿ.

ಮರುದಿನ ಬೆಳಿಗ್ಗೆ ಗಫೂರ್ ಭಾಯಿ ದಹಿಸರಿನಿಂದ ಲೋಕಲ್ ರೈಲು ಹಿಡಿದು, ದಾದರಿನಲ್ಲಿ ಬದಲಿಸಿ, ಭಾಂಡುಪಿಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಬಿರಿಯಾನಿ ಇರಬೇಕೆಂದು ನಾನು ತೆಗೆದುಕೊಳ್ಳಲು ಹೋದರೆ, "ಹುಷಾರ್ ಭಾಭಿ, ಕಂಪ್ಯೂಟರ್ ಐತ್ರಿ ಅದರಾಗ" ಎಂದರು. ಸಾಬೂನಿನ ಗಾತ್ರದ ಒಂದು ಹಲಗೆ. ಅದಕ್ಕೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಅದರೊಳಗೆ ವಿಂಡೋಸಿನ ಬದಲು ಲಿನಕ್ಸ್ ಇದೆಯಂತೆ.

"ಇದು ಯಾರೊಬ್ಬರ ಸ್ವತ್ತಲ್ರಿ ಭಾಭಿ. ಎಲ್ಲಾರೂ ಕೂಡಿ ಮಾಡಿದ್ದು, ಎಲ್ಲಾರಿಗೂ ಸೇರಿದ್ದು."

"ಎಲ್ಲರಿಗೂ ಸೇರಿದ್ದು ಯಾರಿಗೂ ಅರ್ಥ ಆಗುದಿಲ್ಲ," ಎಂದರು ಇವರು. ಇವರದು ವಿಂಡೋಸ್ ಪಂಥ. ಹೋಟೆಲಿನ ಬಿಲ್ಲು ಮಾಡುತ್ತಿದ್ದ ಹಳೆಯ ಲ್ಯಾಪ್‌ಟಾಪನ್ನು ನಿವೃತ್ತಿಯ ಕಾಣಿಕೆಯೆಂಬಂತೆ ಮನೆಗೆ ತಂದಿದ್ದರು. ಅದರ ಸಂದಿಗಳಿಂದ ಈಗಲೂ ಒಮ್ಮೊಮ್ಮೆ ಸಾಸಿವೆ ಉದುರುತ್ತದೆ.

ಮೂರನೆಯ ಪಂಥ ನಮ್ಮ ಮಗಳು ನಿಧಿಯದು. ಜಾಹೀರಾತು ಕಂಪನಿಯಲ್ಲಿ ಚಿತ್ರಗಳನ್ನು ತಿದ್ದುವ ಕೆಲಸ. ಅವಳ ಬಳಿ ಮ್ಯಾಕ್ ಇದೆ. ಅದನ್ನು ಹೊಸ ಸೊಸೆಯಂತೆ ನೋಡಿಕೊಳ್ಳುತ್ತಾಳೆ. ಯಾರೂ ಜೋರಾಗಿ ಮುಟ್ಟುವಂತಿಲ್ಲ, ಪಕ್ಕದಲ್ಲಿ ಚಹಾ ಇಡುವಂತಿಲ್ಲ. ಗ್ರಹಗಳ ಚಿತ್ರವನ್ನು ಶುದ್ಧ ಮಾಡುವ ಸಾಫ್ಟ್‌ವೇರು ಆ ಮ್ಯಾಕಿನಲ್ಲೇ ಚೆನ್ನಾಗಿ ಓಡುತ್ತದೆ ಎಂದು ಅವಳು ಕಂಡುಹಿಡಿದಳು.

ಶುದ್ಧ ಮಾಡುವುದೆಂದರೇನು ಎಂದು ನಾನು ಕೇಳಿದ್ದಕ್ಕೆ ಇವರು ಹೋಟೆಲಿನ ಭಾಷೆಯಲ್ಲಿ ವಿವರಿಸಿದರು. "ಗಾಳಿಯಿಂದಾಗಿ ಗ್ರಹ ನಡುಗ್ತಾ ಇರ್ತದೆ. ಕ್ಯಾಮೆರಾ ಸಾವಿರಾರು ಚಿತ್ರ ತೆಗೀತದೆ. ಈ ಸಾಫ್ಟ್‌ವೇರು ಅಕ್ಕಿ ಆರಿಸಿದ ಹಾಗೆ ನಡುಗಿದ್ದನ್ನೆಲ್ಲ ಎಸೆದು, ಒಳ್ಳೆಯದನ್ನು ಮಾತ್ರ ಒಂದರ ಮೇಲೊಂದು ಇಟ್ಟು, ಒಂದೇ ಚಂದದ ಚಿತ್ರ ಮಾಡ್ತದೆ. ಕಲ್ಲಿಲ್ಲದ ಅನ್ನ."

ಇಲ್ಲಿಂದ ಕಷ್ಟ ಸುರುವಾಯಿತು. ಕ್ಯಾಮೆರಾವನ್ನು ಮ್ಯಾಕಿಗೆ ಜೋಡಿಸಿದರೆ ಮ್ಯಾಕ್ ಅದನ್ನು ಕಂಡೇ ಇಲ್ಲವೆಂಬಂತೆ ಕೂತಿತು. "ಅಪ್ಪಾ, ಇಸ್ಕಾ ಡ್ರೈವರ್ ಹೀ ನಹೀ ಹೈ. ಮ್ಯಾಕ್‌ಗೆ ಅವರು ಮಾಡೇ ಇಲ್ಲ," ಎಂದಳು ನಿಧಿ. ಡ್ರೈವರ್ ಎಂದರೆ ಕ್ಯಾಮೆರಾದ ಮಾತನ್ನು ಕಂಪ್ಯೂಟರಿಗೆ ತಿಳಿಸುವ ದುಭಾಷಿ ಸಾಫ್ಟ್‌ವೇರಂತೆ. ಗಫೂರ್ ಭಾಯಿಯ ಹಲಗೆಗೂ ಅದು ಇರಲಿಲ್ಲ. ಕ್ಯಾಮೆರಾಕ್ಕೆ ಗೊತ್ತಿದ್ದದ್ದು ಇವರ ಸಾಸಿವೆ ಲ್ಯಾಪ್‌ಟಾಪ್ ಒಂದೇ. ಇವರು ಮೀಸೆ ತಿರುವುವಷ್ಟರಲ್ಲಿ ಮೋಟಾರಿನ ಸರದಿ ಬಂತು. ಅದರ ಹಳೆಯ ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ, ಯಾರೋ ನೀನು ಎಂದಿತು. ಅದೇ ವೈರನ್ನು ಡಬ್ಬಿಯ ಹಲಗೆ ಒಂದೇ ಏಟಿಗೆ ಗುರುತಿಸಿತು. ಗಫೂರ್ ಭಾಯಿ ಗಡ್ಡ ನೀವಿಕೊಂಡರು. ಇವರಿಗೆ ಅದೇ ಹೆಚ್ಚು ಉರಿಯಿತು.

ಒಳಕೋಣೆಯಿಂದ ಅತ್ತೆಯ ಸ್ವರ ಬಂತು. "ಎಂತ ಆಯ್ತು ಶೈಲಾ?"

"ಡ್ರೈವರ್ ಇಲ್ವಂತೆ ಅತ್ತೆ."

"ಕೆಳಗೆ ಅಷ್ಟು ರಿಕ್ಷಾ ನಿಂತಿರ್ತದೆ. ಒಬ್ಬ ಡ್ರೈವರ್ ಸಿಗುದಿಲ್ವಾ ನಿಮಗೆ?"

ಕೊನೆಗೆ ಮೂರು ಪಂಥಗಳ ನಡುವೆ ಒಪ್ಪಂದವಾಯಿತು. ಟೆರೇಸಿನಲ್ಲಿ ಲಿನಕ್ಸ್ ಮೋಟಾರನ್ನು ತಿರುಗಿಸುವುದು. ಪಕ್ಕದಲ್ಲೇ ವಿಂಡೋಸ್ ಕ್ಯಾಮೆರಾದಿಂದ ಚಿತ್ರ ಹಿಡಿಯುವುದು. ಕೆಳಗೆ ಮನೆಯಲ್ಲಿ ಮ್ಯಾಕ್ ಆ ಚಿತ್ರವನ್ನು ತೆಗೆದುಕೊಂಡು, ಶುದ್ಧ ಮಾಡಿ, ಟಿವಿಗೆ ಕೊಡುವುದು. ಟೆರೇಸಿನವರೆಗೆ ವೈಫೈ ಬರುವುದಿಲ್ಲವಾದ್ದರಿಂದ ಕಟ್ಟಡದ ಹೊರಗೋಡೆಯಲ್ಲಿ ನೀಲಿ ವೈರು ಇಳಿಯಿತು. ಮೂರೂ ಯಂತ್ರಗಳಿಗೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ಮಾಡಲು ಒಂದು ವಾರ ಹಿಡಿಯಿತು. ನಾನಂತೂ ಇದನ್ನು ಆಶ್ಚರ್ಯದಿಂದ ನೋಡುತ್ತಿದ್ದೆ. ಒಂದೇ ಮನೆಯಲ್ಲಿ ಅತ್ತೆ ತುಳು, ಇವರು ಕನ್ನಡ, ಮಗಳು ಹಿಂದಿ, ಕೆಲಸದ ಹೆಂಗಸು ಮರಾಠಿ ಮಾತಾಡಿ ಇಷ್ಟು ವರ್ಷ ಸಂಸಾರ ಸಾಗಿದೆ. ಈ ಬುದ್ಧಿವಂತ ಯಂತ್ರಗಳಿಗೆ ಏನು ರೋಗ?

ಪ್ರಯೋಗದ ಸಂಜೆ ಬಂತು. ದೀಪಾವಳಿ ಕಳೆದು ಹೊಗೆ ಸ್ವಲ್ಪ ಇಳಿದಿತ್ತು. ಗಂಡಸರಿಬ್ಬರೂ ಟೆರೇಸಿನಲ್ಲಿ. ನಾನು, ಅತ್ತೆ, ನಿಧಿ ಟಿವಿಯ ಮುಂದೆ. ನಡುವೆ ಮೊಬೈಲು, ಸ್ಪೀಕರಿನಲ್ಲಿ.

"ಬಂತಾ?" ಎಂದರು ಇವರು ಮೇಲಿನಿಂದ.

ಆ "ಬಂತಾ?" ಕೇಳಿದ್ದೇ ನಾನು ಒಮ್ಮೆಲೇ ಗ್ರಾಂಟ್ ರೋಡಿನ ನನ್ನ ತವರಿನ ವಠಾರಕ್ಕೆ, ಚಾಳ್ ಎನ್ನುತ್ತಾರಲ್ಲ, ಅಲ್ಲಿಗೆ ಹೋಗಿಬಿಟ್ಟೆ. ಭಾನುವಾರ ಸಂಜೆ ಟಿವಿಯಲ್ಲಿ ಸಿನೆಮಾ. ಇಡೀ ವಠಾರಕ್ಕೆ ಒಂದೇ ಟಿವಿ, ಅದು ನಮ್ಮ ಮನೆಯಲ್ಲಿ. ಮಾಡಿನ ಮೇಲೆ ಆಂಟೆನಾ, ಅದರ ಮೇಲೆ ಕಾಗೆ. ನಾಯಕಿ ಅಳುವ ಹೊತ್ತಿಗೇ ಕಾಗೆ ಜಾಗ ಬದಲಿಸುತ್ತಿತ್ತು. ಅಣ್ಣ ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಅಪ್ಪ ಕಿಟಕಿಯಲ್ಲಿ ನಿಂತು ಕೂಗುವುದು, ನಾನು ಟಿವಿಯ ಎದುರು ನಿಂತು ತೀರ್ಪು ಹೇಳುವುದು. "ಬಂತಾ?" "ಬಂತು... ಬಂತು... ಹೋಯ್ತು!" ಒಮ್ಮೆ ಚಿತ್ರ ಚೆನ್ನಾಗಿ ಬಂದ ಖುಷಿಯಲ್ಲಿ ಎಲ್ಲರೂ ಸಿನೆಮಾದಲ್ಲಿ ಮುಳುಗಿ, ಅಣ್ಣನನ್ನು ಇಳಿಯಲು ಹೇಳುವುದನ್ನೇ ಮರೆತೆವು. ನಾಯಕಿಯ ಮದುವೆ ಮುಗಿದು, ಶುಭಂ ಎಂದು ಬಂದ ಮೇಲೂ ಅವನು ಆಂಟೆನಾ ಹಿಡಿದೇ ನಿಂತಿದ್ದ. ಆ ಸಿಟ್ಟು ಅವನಿಗೆ ಇನ್ನೂ ಪೂರ್ತಿ ಇಳಿದಿಲ್ಲ.

"ಬಂತಾ ಅಂತ ಕೇಳಿದೆ!" ಎಂದರು ಇವರು ಮತ್ತೊಮ್ಮೆ.

ಟಿವಿಯಲ್ಲಿ ಮಸುಕಾದ ಬೆಳ್ಳನೆಯ ಏನೋ ಇತ್ತು. "ಕುಛ್ ಗೋಲ್ ಗೋಲ್ ಇದೆ ಅಪ್ಪಾ. ಫೋಕಸ್ ಮಾಡಿ," ಎಂದಳು ನಿಧಿ. ಇವರು ಮೇಲೆ ಗುಂಡಿ ತಿರುಗಿಸಿದರು. ಬೆಳ್ಳನೆಯ ದುಂಡು ಬಿಂಬ ಪರದೆಯ ತುಂಬ ನಿಂತಿತು. ಮೈಮೇಲೆ ಕಂದು ಕಲೆಗಳು, ಅಂಚಿನಲ್ಲಿ ನೀಲಿ ಪ್ರಭೆ. ಅತ್ತೆ ಕೈಮುಗಿದರು.

"ಇವನಾ ಶನಿ? ಉಬ್ಬುತ್ತಾ ಉಂಟಲ್ಲ!"

ನಿಜಕ್ಕೂ ಅದು ಉಬ್ಬುತ್ತಿತ್ತು. ಅಷ್ಟರಲ್ಲಿ ಬಳೆ ತೊಟ್ಟ ದೊಡ್ಡದೊಂದು ಕೈ ಪರದೆಯ ಮೇಲಿನಿಂದ ತಲೆಕೆಳಗಾಗಿ ಇಳಿದು ಬಂದು, ಗ್ರಹವನ್ನು ಎರಡು ಬೆರಳಲ್ಲಿ ಹಿಡಿದು ತಿರುವಿಹಾಕಿತು.

"ಅಯ್ಯೋ ದೇವರೇ!" ಎಂದರು ಅತ್ತೆ.

ದೇವರಲ್ಲ. ನಮ್ಮ ಎದುರಿನ ಕಟ್ಟಡ ಬಿ ವಿಂಗಿನ ಪರಬ್ ಕಾಕು. ಭಾಕರಿ ರೊಟ್ಟಿ ಸುಡುತ್ತಿದ್ದರು.

ಮುಂದಿನದನ್ನು ಸ್ಪೀಕರಿನಲ್ಲಿ ಕೇಳುವ ಅಗತ್ಯವಿರಲಿಲ್ಲ, ಕಿಟಕಿಯಿಂದಲೇ ಕೇಳಿತು. ಕಾಕು ತಲೆಯೆತ್ತಿ ನೋಡಿದರೆ ಎದುರಿನ ಟೆರೇಸಿನಿಂದ ಫಿರಂಗಿಯಂಥ ಕೊಳವೆಯೊಂದು ಅವರ ಅಡುಗೆಮನೆಗೇ ಗುರಿಯಿಟ್ಟು ನಿಂತಿದೆ, ಅದರ ಹಿಂದೆ ಬಾಗಿದ ಇಬ್ಬರು ವಯಸ್ಸಾದ ಗಂಡಸರು. ಅವರು ಆಡಿದ ಮರಾಠಿಯಲ್ಲಿ ಅರ್ಧ ನನಗೆ ಹೊಸದು. ಸೊಸೈಟಿಯ ಸೆಕ್ರೆಟರಿ ಹತ್ತಿ ಬಂದರು. ದುರ್ಬೀನು ಇನ್ನು ಟೆರೇಸಿಗೆ ಬರಕೂಡದು ಎಂದು ತೀರ್ಪಾಯಿತು.

ಕೆಳಗೆ ಬಂದ ಗೆಳೆಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಪರಾಧಿಯನ್ನು ಹಿಡಿದವಳು ನಿಧಿ. ಮೋಟಾರಿನ ಪರದೆಯನ್ನು ಮ್ಯಾಕಿನಲ್ಲಿ ತೆರೆದು, "ಇಲ್ಲಿ ದೋಪಹರ್ ಕೆ ದೋ ಬಜೆ ಯಾಕೆ ತೋರಿಸ್ತಿದೆ?" ಎಂದು ಕೇಳಿದಳು. ಮಧ್ಯಾಹ್ನದ ಎರಡು ಗಂಟೆ! ಆಗ ಗೋಡೆಯ ಗಡಿಯಾರದಲ್ಲಿ ಸಂಜೆ ಏಳೂವರೆ. ಗಫೂರ್ ಭಾಯಿಯ ಲಿನಕ್ಸ್ ಲೋಕದ ಗಡಿಯಾರ ಇಟ್ಟುಕೊಂಡಿತ್ತು, ಇವರ ವಿಂಡೋಸ್ ಮುಂಬಯಿಯ ಗಡಿಯಾರ. ಐದೂವರೆ ಗಂಟೆಯ ಅಂತರ. ಒಂದರ ಸಮಯವನ್ನು ಇನ್ನೊಂದರದೆಂದು ತಿಳಿದ ಮೋಟಾರು, ಶನಿ ಇನ್ನೂ ಹುಟ್ಟಿಲ್ಲವೆಂದುಕೊಂಡು ಮೂಡಣ ದಿಕ್ಕಿನ ಕೆಳಗೆ ನೋಡುತ್ತಿತ್ತು. ಮೂಡಣದಲ್ಲಿ ಇದ್ದದ್ದು ಬಿ ವಿಂಗು.

"ಲೋಕಕ್ಕೆಲ್ಲ ಇರುವ ಟೈಮು ಬೇಕಾ ನಿಮಗೆ? ಭಾಂಡುಪಿನಲ್ಲಿ ನಿಂತು?" ಎಂದರು ಇವರು.

"ನಕ್ಷತ್ರ ಭಾಂಡುಪಿನ ಟೈಮ್ ನೋಡಿ ಹುಟ್ಟೂದಿಲ್ರಿ ಜಯರಾಮಣ್ಣ! ಎಚ್ಚರಿಕೆ ಬಂದಿತ್ತು ಪರದಿ ಮ್ಯಾಲ. ಓದದೇ ಓಕೆ ಒತ್ತಿದವ್ರು ಯಾರು?"

"ಒತ್ತಿ ಅಂತ ಹೇಳಿದ್ದು ನೀವು!"

ಗಫೂರ್ ಭಾಯಿ ಹಲಗೆಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ನಾನು ಕೊಟ್ಟ ಚಹಾವನ್ನು ಕುಡಿದೇ ಹೋದರು, ಆದರೆ ನಿಂತುಕೊಂಡು ಕುಡಿದರು. ಇವರು ದುರ್ಬೀನನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟು, ಮರುದಿನದಿಂದ ನನ್ನ ಚಟ್ನಿಯ ತಪಾಸಣೆಗೆ ಮರಳಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ನಗೆಗಾಗಿ ಮಾತ್ರ ಹೇಳುತ್ತಿದ್ದೆ.

ಎರಡು ದಿನ ಕಳೆದು, ಇವರು ಪೇಟೆಗೆ ಹೋಗಿದ್ದಾಗ, ಅತ್ತೆ ಮತ್ತು ನಾನು ಬಸಳೆ ಸೊಪ್ಪು ಬಿಡಿಸುತ್ತಾ ಕೂತಿದ್ದೆವು. ಅವರ ಬೆರಳಿಗೆ ಕಣ್ಣು ಬೇಡ, ಎಲೆ ದಂಟು ತಾನಾಗಿ ಬೇರೆಯಾಗುತ್ತಿತ್ತು. "ಇನ್ನು ತೋರಿಸುದಿಲ್ವಾ ಅವ?" ಎಂದು ಕೇಳಿದರು.

"ಸೊಸೈಟಿಯವರು ಬೇಡ ಅಂದಿದ್ದಾರಲ್ಲ ಅತ್ತೆ. ಅಷ್ಟು ಯಾಕೆ ನಿಮಗೆ ಆ ಶನಿ? ಎಲ್ಲರೂ ಅವನ ಕಣ್ಣು ತಪ್ಪಿಸ್ತಾರೆ, ನೀವು ಕರೆದು ನೋಡ್ಬೇಕು ಅಂತೀರಿ," ಎಂದು ನಾನು ತಮಾಷೆ ಮಾಡಿದೆ.

ಅತ್ತೆ ಕೈಯಲ್ಲಿದ್ದ ದಂಟನ್ನು ತಟ್ಟೆಗೆ ಹಾಕಿದರು. "ನಿನ್ನ ಮಾವ ಹೋದಾಗ ಜಯ ತೊಟ್ಟಿಲಲ್ಲಿದ್ದ. ಹೆಣ ಇನ್ನೂ ಚಾವಡಿಯಲ್ಲಿತ್ತು. ಎಲ್ಲರ ಎದುರಿಗೆ ನನ್ನ ಅತ್ತೆ ಹೇಳಿದ್ರು, ನಿನ್ನ ಜಾತಕದ ಶನಿ ನನ್ನ ಮಗನನ್ನು ತಿಂದಿತು ಅಂತ. ಯಾರೂ ಇಲ್ಲ ಅನ್ಲಿಲ್ಲ ಶೈಲಾ. ನನ್ನ ಅಪ್ಪನೂ ಅನ್ಲಿಲ್ಲ."

ನಾನು ಕೈಯಲ್ಲಿದ್ದ ಎಲೆಯನ್ನು ದಂಟಿನ ರಾಶಿಗೆ ಹಾಕಿಬಿಟ್ಟೆ.

"ಆಮೇಲೆ ರಾತ್ರಿ ಹೊರಗೆ ಹೋಗುದಿದ್ರೆ ಸೆರಗಿನಲ್ಲಿ ಇವನ ತಲೆ ಮುಚ್ಚಿ ಎತ್ತಿಕೊಳ್ತಿದ್ದೆ. ಮೇಲಿನಿಂದ ಅವನ ದೃಷ್ಟಿ ಬಿದ್ರೆ ಇವನನ್ನೂ ಕೊಂಡುಹೋಗ್ತಾನೋ ಅಂತ. ನಾನು ಆಕಾಶ ನೋಡಿದವಳಲ್ಲ. ಈಗ ಕಣ್ಣು ಪೂರ್ತಿ ಹೋಗುವ ಮೊದಲು ಒಮ್ಮೆ ಅವನ ಮುಖ ನೋಡ್ಬೇಕು. ನೋಡಿ ಕೇಳ್ಬೇಕು."

"ಎಂತ ಕೇಳ್ಬೇಕು ಅತ್ತೆ?"

"ಹೌದಾ, ಅಲ್ವಾ ಅಂತ."

ಇವರು ಪೇಟೆಯಿಂದ ಬಂದಾಗ ಅಡುಗೆಮನೆಯ ಬಾಗಿಲು ಹಾಕಿ ಎಲ್ಲವನ್ನೂ ಹೇಳಿದೆ. ಇವರಿಗೆ ಅದು ಗೊತ್ತೇ ಇರಲಿಲ್ಲ. ಅಪ್ಪ ಚಿಕ್ಕ ಪ್ರಾಯದಲ್ಲಿ ತೀರಿಕೊಂಡರು ಎಂಬುದಷ್ಟೇ ಗೊತ್ತಿತ್ತು. ಕೇಳಿದಾಗಲೆಲ್ಲ ಅಮ್ಮ ಮಾತು ತಿರುಗಿಸುತ್ತಿದ್ದರಂತೆ. ಇವರು ತರಕಾರಿ ಚೀಲವನ್ನು ಕೆಳಗಿಡದೆ ನಿಂತೇ ಕೇಳಿದರು. ಆಮೇಲೆ ಚೀಲವನ್ನು ನನ್ನ ಕೈಗೆ ಕೊಟ್ಟು, ಗಫೂರ್ ಭಾಯಿಗೆ ಫೋನು ಹಚ್ಚಿದರು. ವಿಂಡೋಸ್, ಲಿನಕ್ಸ್ ಯಾವುದರ ಮಾತೂ ಇಲ್ಲ. ಅಮ್ಮ ಹೇಳಿದ್ದನ್ನು ಹಾಗೆಯೇ ಹೇಳಿದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು.

"ಚಪ್ಪಲಿ ಹಾಕ್ಕೊಳ್ಳಾಕತ್ತೀನ್ರಿ. ಬಂದೆ."

ಗಫೂರ್ ಭಾಯಿ ದಾದರಿನಲ್ಲಿ ಗಾಡಿ ಬದಲಿಸಿ ಬರುವಷ್ಟರಲ್ಲಿ ನಾವಿಬ್ಬರೂ ಬಿ ವಿಂಗಿಗೆ ಹೋದೆವು. ನಾನು ದುಂಡನೆಯ ಗೋಳಿಬಜೆ ಕರಿದು ಡಬ್ಬಿಯಲ್ಲಿ ತುಂಬಿಕೊಂಡಿದ್ದೆ. ಪರಬ್ ಕಾಕು ಬಾಗಿಲನ್ನು ಅರ್ಧವೇ ತೆರೆದರು. ನಮ್ಮವರ ಮರಾಠಿ ಗಲ್ಲೆಯ ಮರಾಠಿ. ಊಟ ಆಯಿತೇ, ಚಿಲ್ಲರೆ ಇದೆಯೇ, ಮೇಲಿನ ಫ್ಯಾಮಿಲಿ ರೂಮಿನಲ್ಲಿ ಕೂರಿ ಎಂಬಷ್ಟಕ್ಕೆ ಸಾಕು. ಕ್ಷಮೆ ಕೇಳುವ ಭಾಗ ಅದರಲ್ಲಿಲ್ಲ. ಆದ್ದರಿಂದ ನಾನೇ ಮಾತಾಡಿದೆ. ನಾವು ನೋಡಹೊರಟದ್ದು ನಿಮ್ಮ ಭಾಕರಿಯನ್ನಲ್ಲ ಕಾಕು, ಶನಿಮಹಾರಾಜರನ್ನು. ಗಡಿಯಾರ ತಪ್ಪಿತು ಎಂದೆ. ಕಾಕುವಿನ ಮುಖದಲ್ಲಿ ಸಿಟ್ಟಿನ ಜಾಗದಲ್ಲಿ ಬೇರೇನೋ ಬಂತು.

"ಶನಿ? ಖರಂಚ್ ದಿಸತೋ?" ನಿಜಕ್ಕೂ ಕಾಣುತ್ತಾನಾ?

ಕಾಣುತ್ತಾನೆ ಎಂದೆ. ಬಾಗಿಲು ಪೂರ್ತಿ ತೆರೆಯಿತು. ಸೆಕ್ರೆಟರಿಯನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಕಾಕು ಹೇಳಿದರು. ಎರಡು ಷರತ್ತು ಹಾಕಿದರು. ತನಗೂ ತೋರಿಸಬೇಕು. ತೋರಿಸುವುದು ಶನಿವಾರವೇ ಆಗಬೇಕು.

ಶನಿವಾರ ಸಂಜೆ ಕಾಕು ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ದೇವಸ್ಥಾನಕ್ಕೆ ಬಂದಂತೆ ನಮ್ಮ ಹಾಲಿಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತರು. ಟೆರೇಸಿನಲ್ಲಿ ಗೆಳೆಯರಿಬ್ಬರೂ ಲೋಕದ ಗಡಿಯಾರ, ಮುಂಬಯಿಯ ಗಡಿಯಾರ ಎರಡನ್ನೂ ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದದ್ದು ಫೋನಿನಲ್ಲಿ ಕೇಳುತ್ತಿತ್ತು, ಮದುವೆಯ ಮುಹೂರ್ತಕ್ಕೆ ಎರಡು ಕಡೆಯ ಪುರೋಹಿತರು ಪಂಚಾಂಗ ನೋಡಿದ ಹಾಗೆ. ಈ ಸಲ ಪರದೆಯ ಮೇಲೆ ಬಂದ ಪ್ರತಿ ಎಚ್ಚರಿಕೆಯನ್ನೂ ಇವರು ಗಟ್ಟಿಯಾಗಿ ಓದಿದರು.

"ಹೊಂಟಿತ್ರಿ... ತಿರುಗಾಕತ್ತೈತಿ... ನಿಂತಿತು," ಎಂದರು ಗಫೂರ್ ಭಾಯಿ.

"ಬಂತಾ?" ಎಂದರು ಇವರು. ಸ್ವರ ಸಣ್ಣಗಿತ್ತು.

ಕಪ್ಪು ಪರದೆಯ ಮೂಲೆಯಿಂದ ಹಳದಿ ಬಣ್ಣದ ಪುಟ್ಟ ಗುಂಡೊಂದು ಜಾರಿ ಬಂದು ನಡುವಿಗೆ ನಿಂತಿತು. ಪುಸ್ತಕಗಳಲ್ಲಿ ಇರುವಂಥ ದೊಡ್ಡ ಬಳೆ ಅದಕ್ಕಿರಲಿಲ್ಲ. ಉಂಗುರ ಪಕ್ಕದಿಂದ ಕಾಣುವ ಕಾಲವಂತೆ ಅದು. ಆಚೆ ಈಚೆ ಚಾಚಿದ ತೆಳ್ಳನೆಯ ಒಂದು ಗೆರೆ, ಅಷ್ಟೇ. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಅತ್ತೆ ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆಸಿಕೊಂಡು, ಕುತ್ತಿಗೆ ಓರೆ ಮಾಡಿ ನೋಡಿದರು. ತುಂಬ ಹೊತ್ತು ನೋಡಿದರು. ಕೈಮುಗಿಯಲಿಲ್ಲ.

"ಗೋಳಿಬಜೆಗೆ ಕಡ್ಡಿ ಚುಚ್ಚಿದ ಹಾಗೆ ಉಂಟು," ಎಂದರು ಕೊನೆಗೆ. ನಿಧಿ ಬಾಯಿಗೆ ಕೈ ಅಡ್ಡ ಹಿಡಿದಳು. "ಇವ ಯಾಕೆ ನಡುಗ್ತಾನೆ?"

"ಅದು ನಮ್ಮ ಗಾಳಿ ಅಮ್ಮ," ಎಂದರು ಇವರು ಫೋನಿನಲ್ಲಿ. "ನಿಲ್ಲಿ, ನಿಧಿ ಸರಿ ಮಾಡ್ತಾಳೆ."

ನಿಧಿ ಮ್ಯಾಕಿಗೆ ಕೆಲಸ ಕೊಟ್ಟಳು. ಮೇಲಿನ ವಿಂಡೋಸ್ ಹಿಡಿದ ಚಿತ್ರಗಳು ನೀಲಿ ವೈರಿನಲ್ಲಿ ಇಳಿದು ಬಂದವು, ಸಾಫ್ಟ್‌ವೇರು ಆರಿಸಿತು, ಎಸೆಯಿತು, ಪೇರಿಸಿತು. ನಾವು ಕಾಯುತ್ತಿರುವಾಗ ಕಾಕು ತಂದಿದ್ದ ಚಕ್ಕುಲಿ ಒಂದು ಸುತ್ತು ಬಂತು. ಆಮೇಲೆ ಟಿವಿಯಲ್ಲಿ ಶುದ್ಧವಾದ ಶನಿ ಬಂದ. ನಡುಕವಿಲ್ಲ, ಮಸುಕಿಲ್ಲ, ಮೈಮೇಲಿನ ಪಟ್ಟೆಗಳೂ ಕಾಣುತ್ತಿದ್ದವು. ಕಾಕು "ಅಗಬಾಯಿ!" ಎಂದು ಕೈಮುಗಿದರು. ನಿಧಿಯ ಕಣ್ಣು ಹೊಳೆಯಿತು. ಮೂರು ಪಂಥಗಳು, ಒಂದು ಜಗಳ, ಒಂದು ಭಾಕರಿ, ಎಲ್ಲದರ ಫಲ ಆ ಚಿತ್ರ.

ಅತ್ತೆ ಒಂದು ಕ್ಷಣ ನೋಡಿ, "ಇದು ಫೋಟೋ. ಕ್ಯಾಲೆಂಡರಿನಲ್ಲೂ ಇರ್ತದೆ. ಆ ನಡುಗುವವನನ್ನು ಹಾಕು ಮಗಾ," ಎಂದರು.

ನಿಧಿ ಮತ್ತೆ ಕ್ಯಾಮೆರಾದ ನೇರ ಚಿತ್ರವನ್ನು ಹಾಕಿದಳು.

"ಗಫೂರಣ್ಣ," ಎಂದು ಅತ್ತೆ ಫೋನಿಗೆ ಬಾಗಿ ಕರೆದರು. "ಇವ ಎಷ್ಟು ದೂರ ಇದ್ದಾನೆ?"

"ಭಾಳ ದೂರ ಅಮ್ಮಾರ. ಅಲ್ಲಿಂದ ಬೆಳಕು ಇಲ್ಲಿ ಬಂದು ಮುಟ್ಟಾಕ ಒಂದು ತಾಸಿನ ಮ್ಯಾಲ ಹಿಡಿತೈತ್ರಿ. ಬೆಳಕಿಗಿಂತ ಜೋರ ಓಡೂದು ಯಾವುದೂ ಇಲ್ಲ ನೋಡ್ರಿ ಜಗತ್ತಿನಾಗ."

ಪರದೆಯ ಮೇಲೆ ಆ ಹಳದಿ ಗುಂಡು ಬಿಸಿಲಿನಲ್ಲಿಟ್ಟ ತುಪ್ಪದ ಹನಿಯಂತೆ ಅಲುಗಾಡುತ್ತಿತ್ತು.

"ಇಷ್ಟು ಸಣ್ಣವ. ಅಷ್ಟು ದೂರದಿಂದ ನಮ್ಮ ಮನೆ ಹುಡುಕಿಕೊಂಡು ಬಂದದ್ದು ಹೌದಾ?" ಕೇಳಿದ್ದು ನಮ್ಮನ್ನಲ್ಲ. ಅಡ್ಡಡ್ಡ ತಲೆಯಾಡಿಸಿ, ತಾವೇ ಹೇಳಿದರು. "ಅಲ್ಲ. ಇವನಲ್ಲ."

ಆಮೇಲೆ ಫೋನಿನ ಕಡೆ ತಿರುಗಿದರು. "ಜಯ, ಕೇಳ್ತದಾ? ನಿನ್ನ ಅಪ್ಪನಿಗೆ ಆದದ್ದು ಕಾಮಾಲೆ. ಮದ್ದು ತಡ ಆಯ್ತು. ಅಷ್ಟೇ."

ಫೋನಿನಲ್ಲಿ ಗಾಳಿಯ ಸದ್ದು, ದೂರದಲ್ಲಿ ಹೋಗುವ ಲೋಕಲಿನ ಸದ್ದು. ಕೊನೆಗೆ ಗಫೂರ್ ಭಾಯಿಯ ಸ್ವರ ಬಂತು. "ಅವರು ಕೇಳ್ಯಾರ್ರಿ ಅಮ್ಮಾರ. ಇಲ್ಲೇ ಅದಾರ. ನಾ ಅದೀನಿ ಬಾಜೂಕ."

ನಿಧಿಗೆ ಕಾಮಾಲೆ ಎಂಬ ಮಾತು ಗೊತ್ತಿರಲಿಲ್ಲ, ನನ್ನ ಮುಖ ನೋಡಿದಳು. ನಾನು ಆಮೇಲೆ ಹೇಳುತ್ತೇನೆ ಎಂದು ಸನ್ನೆ ಮಾಡಿದೆ. ಒಂದೂ ಮಾತು ಅರ್ಥವಾಗದ ಪರಬ್ ಕಾಕು ಮಾತ್ರ ಅತ್ತೆಯ ಕೈಯನ್ನು ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಹೇಗೆ ತಿಳಿಯಿತೋ ಅವರಿಗೆ.

ಸ್ವಲ್ಪ ಹೊತ್ತಾದ ಮೇಲೆ ಕಾಕು, ಹೇಗೂ ಇಷ್ಟು ಕಂಡಿತಲ್ಲ, ರಾಹುವನ್ನೂ ತೋರಿಸಲು ಹೇಳಿ ಎಂದರು. ನಾನು ಫೋನಿನಲ್ಲಿ ಕೇಳಿದೆ. ರಾಹು ಕಾಣುವುದಿಲ್ಲ, ಅದು ಬರೀ ಲೆಕ್ಕ ಎಂದು ಗಫೂರ್ ಭಾಯಿ ವಿವರಿಸಿದರು.

"ಕಾಣುದಿಲ್ವಾ? ಹಾಗಾದ್ರೆ ಅವನ ಬಗ್ಗೆ ಜಾಗ್ರತೆ ಬೇಕು," ಎಂದರು ಅತ್ತೆ. "ಗುರು?"

"ಗುರು ಕಾಣ್ತಾನ್ರಿ. ಆದ್ರ ಊಟದ ಹೊತ್ತು ಮೀರಿ ಹುಟ್ಟತಾನ."

ಸಂಜೆಯ ಧಾರಾವಾಹಿ ಮುಗಿದದ್ದೇ ಮಲಗುವವರು ನಮ್ಮ ಅತ್ತೆ. "ಹಾಗಾದ್ರೆ ಬಡಿಸು ಶೈಲಾ, ಎಲ್ಲರೂ ಉಂಡು ಕಾಯುವ," ಎಂದರು. ಇವರು ಇಳಿದು ಬಂದು, ಅಮ್ಮನ ಕುರ್ಚಿಯನ್ನು ಎತ್ತಿ ಕಿಟಕಿಯ ಪಕ್ಕ ಇಟ್ಟರು. ಅತ್ತೆ ಅಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಕುತ್ತಿಗೆ ಓರೆ ಮಾಡಿ ಹೊರಗಿನ ಆಕಾಶವನ್ನು ನೋಡತೊಡಗಿದರು. ನಾನು ತಟ್ಟೆ ತಂದು ಕೈಗಿಟ್ಟರೂ ಅವರು ಆ ಕಡೆಯಿಂದ ಮುಖ ತಿರುಗಿಸಲಿಲ್ಲ.